ಸೆಲ್ಲಣ್ಣನ ಈರುಳ್ಳಿ ಪೊರೆ

ನಮ್ಮ ಯಜಮಾನರು ಶಾಲೆಯ ಪ್ರಯೋಗಾಲಯದಲ್ಲಿ ಅಟೆಂಡರ್ ಆಗಿದ್ದರು. ಇಪ್ಪತ್ತಾರು ವರ್ಷ. ಅಲ್ಲಿ ಎಲ್ಲರಿಗೂ ಅವರು ಸೆಲ್ಲಣ್ಣ.

ಆ ಹೆಸರು ಬಿದ್ದದ್ದು ಕೆಲಸಕ್ಕೆ ಸೇರಿದ ವಾರವೇ. ವಿಜ್ಞಾನದ ಮೇಡಂ, "ನಾಳೆ ಮಕ್ಕಳಿಗೆ ಸೆಲ್ ತೋರಿಸ್ಬೇಕು, ರೆಡಿ ಮಾಡಿಡಿ" ಎಂದಿದ್ದರಂತೆ. ಇವರು ಟಾರ್ಚಿಗೆ ಹಾಕುವ ಸೆಲ್ ನಾಲ್ಕು ತಂದು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದರು. ಮಕ್ಕಳು ಬಿದ್ದು ಬಿದ್ದು ನಕ್ಕರು. ಮೇಡಂ ನಗಲಿಲ್ಲ. ಈರುಳ್ಳಿಯ ಪೊರೆ ಬಿಡಿಸಿ ಸೂಕ್ಷ್ಮದರ್ಶಕದ ಕೆಳಗಿಟ್ಟು, "ಬನ್ನಿ, ಮೊದಲು ನೀವೇ ನೋಡಿ" ಎಂದು ಇವರನ್ನು ಕರೆದರು.

ಅಂದಿನಿಂದ ನನ್ನ ಅಡುಗೆಮನೆಯಲ್ಲಿ ಒಂದು ಈರುಳ್ಳಿಯೂ ನೆಟ್ಟಗೆ ಉಳಿಯಲಿಲ್ಲ.

"ಎಲ್ಲಾ ಸುಲಿದು ಕೂತ್ರೆ ಉಣ್ಣೋದೇನ್ರೀ?"

"ಒಳಗೆ ಗೋಡೆ ಇದೆ ಕಣೇ. ಸಾಲಾಗಿ ಕೋಣೆಗಳು."

"ಬಾಡಿಗೆಗೆ ಸಿಗುತ್ತಾ ಕೇಳಿ. ಈ ಮನೇಗಿಂತ ದೊಡ್ಡದಿರಬಹುದು."

ಬಂದು ನೋಡು ಎಂದು ಎಷ್ಟೋ ಸಲ ಕರೆದರು. ನಾನು ಹೋಗಲಿಲ್ಲ. ನಾಲ್ಕನೇ ತರಗತಿಗೇ ನನಗೆ ಪುಸ್ತಕದ ಋಣ ತೀರಿತ್ತು.

ಹೋದ ವರ್ಷ ಅವರ ಮುಖ ಬಿಳಿಚಿತು. ಎರಡು ಮೆಟ್ಟಿಲು ಹತ್ತಿದರೆ ಏದುಸಿರು. ಡಾಕ್ಟರು ಹೇಳಿದ್ದು ನನಗೆ ತಿಳಿಯಲಿಲ್ಲ. ಇವರೇ ಬಿಡಿಸಿ ಹೇಳಿದರು. "ರಕ್ತದಲ್ಲೂ ಕೋಶ ಇರ್ತವೆ. ಅವಕ್ಕೆ ಈರುಳ್ಳಿ ಥರ ಗೋಡೆ ಇಲ್ಲ. ಹಳೇದು ಸಾಯುತ್ತೆ, ಮೂಳೆಯೊಳಗೆ ಹೊಸದು ಹುಟ್ಟುತ್ತೆ. ನನಗೆ ಹುಟ್ಟುತ್ತಿಲ್ಲ."

ಐದು ತಿಂಗಳಿಗೆ ಹೋದರು.

ಅವರ ಕೆಲಸವನ್ನು ನನಗೆ ಒಂದು ತಿಂಗಳ ಮಟ್ಟಿಗೆ ಕೊಟ್ಟರು. ಗುಡಿಸುವುದು, ಗಾಜು ತೊಳೆಯುವುದು ಬಂತು. ಪೊರೆಯನ್ನು ಗಾಜಿನ ಮೇಲೆ ಕೂರಿಸಿ ಸ್ಲೈಡ್ ಮಾಡುವುದು ಬರಲಿಲ್ಲ. ಕೊನೆಯ ವಾರ ಮೇಡಂ ಮುಚ್ಚುಮರೆ ಇಲ್ಲದೆ ಹೇಳಿದರು. "ನೋಡಮ್ಮ, ಸ್ಲೈಡ್ ಬಂದ್ರೆ ಕೆಲಸ ನಿಮ್ಮದು. ಇಲ್ಲದಿದ್ರೆ ಬೇರೆಯವರನ್ನ ನೋಡ್ಬೇಕಾಗುತ್ತೆ."

ಮರುದಿನ ಬೆಳಿಗ್ಗೆ ಕೂತೆ. ಮೊದಲ ಪೊರೆ ದಪ್ಪವಾಯಿತು, ಏನೂ ಕಾಣಲಿಲ್ಲ. ಎರಡನೆಯದರಲ್ಲಿ ಗುಂಡಗೆ, ಕಪ್ಪು ಅಂಚಿನವು ಹತ್ತಾರು ಕಂಡವು. ಎದ್ದು ಓಡಿ ಮೇಡಂ ಅವರನ್ನು ಕರೆತಂದೆ.

ಅವರು ಬಗ್ಗಿ ನೋಡಿದರು. "ಇದು ಗಾಳಿಗುಳ್ಳೆ ಕಣಮ್ಮ. ನಿಮ್ಮ ಯಜಮಾನರೂ ಒಂದು ವಾರ ಬರೀ ಗಾಳಿಗುಳ್ಳೇನೇ ತೋರಿಸಿದ್ರು."

"ನನಗೆ ಹೇಳ್ಲೇ ಇಲ್ಲ."

"ಹೆಂಡತಿಗೆ ಯಾರು ಹೇಳ್ತಾರೆ?"

ಮೇಡಂ ಆಚೆ ಹೋದ ಮೇಲೆ ಮತ್ತೊಂದು ಈರುಳ್ಳಿ ಕೊಯ್ದೆ. ಒಳಮೈಯಿಂದ ಪೊರೆಯನ್ನು ಉಗುರಲ್ಲಿ ಎಬ್ಬಿಸಿದೆ. ಒಂದು ಹನಿ ನೀರು, ಒಂದು ಹನಿ ಬಣ್ಣ. ಮೇಲಿನ ತೆಳು ಗಾಜನ್ನು ಓರೆಯಾಗಿ ಹಿಡಿದು, ಸೂಜಿಯ ಆಸರೆಯಲ್ಲಿ ನಿಧಾನವಾಗಿ ಮಲಗಿಸಿದೆ. ಮಲಗಿದ ಮಗುವಿಗೆ ಹೊದಿಸುವ ಹಾಗೆ.

ಕಣ್ಣಿಟ್ಟೆ. ಗೋಡೆ. ಸಾಲಾಗಿ ಕೋಣೆಗಳು. ಒಂದೊಂದರಲ್ಲಿ ಒಂದು ಚುಕ್ಕೆ. ಬಂದು ನೋಡು ಎಂದು ಅವರು ಕರೆಯುತ್ತಿದ್ದದ್ದು ಇದಕ್ಕೆ. ಕಣ್ಣು ತುಂಬಿ ಮಂಜಾಯಿತು. ಸೆರಗಿನಿಂದ ಒರೆಸಿಕೊಂಡು ಮತ್ತೆ ನೋಡಿದೆ. ಅಲ್ಲೇ ಇದ್ದವು.

ಅಷ್ಟರಲ್ಲಿ ಮಕ್ಕಳು ಬಂದರು. ಒಬ್ಬಳು ಕಣ್ಣಿಟ್ಟವಳು ಏಳಲೇ ಇಲ್ಲ. "ಆಂಟಿ, ಈ ಚುಕ್ಕೆ ಏನು?"

"ಅದನ್ನ ಮೇಡಂ ಹೇಳ್ತಾರೆ. ನೀನು ಪಕ್ಕಕ್ಕೆ ಸರಿ, ಹಿಂದಿನವಳು ನೋಡ್ಲಿ."

ತರಗತಿ ಮುಗಿಯಿತು. ಮೇಡಂ ಬಾಗಿಲಲ್ಲಿ ನಿಂತರು. "ನಾಳೆ ಎಲೆ ತನ್ನಿ. ಅದರ ಅಡಿಯಲ್ಲಿ ಸಣ್ಣ ಸಣ್ಣ ಬಾಯಿ ಇರ್ತವೆ. ಗಿಡ ಉಸಿರಾಡೋದು ಅದರಿಂದ. ಸ್ಲೈಡ್ ಮಾಡ್ಬೇಕು."

"ಯಾವ ಗಿಡದ್ದು?" ಎಂದೆ.