ಹಂದಿ ಓಡಿಸುವ ಪೆಟ್ಟಿಗೆ

ತಾಳಗುಂದದ ನಮ್ಮ ಮೆಕ್ಕೆಜೋಳಕ್ಕೆ ಕಾಡುಹಂದಿ ನುಗ್ಗಿದರೆ ತಿಂದದ್ದಕ್ಕಿಂತ ತುಳಿದದ್ದೇ ಹೆಚ್ಚು. ಅವುಗಳ ಹೆಸರೆತ್ತಿದರೆ ನನಗೆ ಮೈ ಉರಿಯುತ್ತದೆ. ಸೊರಬದಲ್ಲಿ ಹಾಡು ಕೇಳುವ ಹಳೆಯ ಪ್ಲೇಯರ್ ಒಂದನ್ನು ಕೊಂಡು, ನಾಯಿ ಬೊಗಳುವುದು, ಪಟಾಕಿ, ನನ್ನ ಬೈಗುಳ, ಕೊನೆಗೆ "ಅಯ್ಯಯ್ಯೋ, ಸತ್ತೆ, ಬರ್ರೋ!" ಎಂಬ ಅಣ್ಣನ ಅರಚಾಟ ತುಂಬಿ, ಸ್ಪೀಕರ್ ಸಿಕ್ಕಿಸಿ, ಪೆಟ್ಟಿಗೆಯಲ್ಲಿ ಹಾಕಿ ಹೊಲದ ಬೇಲಿ ಬದಿಗಿಟ್ಟೆ. ಸ್ವಲ್ಪ ದಿನಕ್ಕೇ ಹಂದಿಗಳಿಗೆ ಆ ಸರದಿ ಬಾಯಿಪಾಠವಾಯಿತು. ಪಟಾಕಿ ಸದ್ದಿಗೂ ತಲೆಯೆತ್ತದೆ ತೆನೆ ಮುರಿದವು.

ಪ್ಲೇಯರ್ ಸರದಿ ಅದಲುಬದಲು ಮಾಡಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ಇದ್ದಕ್ಕಿದ್ದಂತೆ ಕೂಗುವಂತೆ ಮಾಡುವ ಬದಲಿ ತಂತ್ರಾಂಶ, ಅಂದರೆ ಫರ್ಮ್‌ವೇರ್ ಇಂಟರ್ನೆಟ್ಟಿನಲ್ಲಿ ಸಿಕ್ಕಿತು. ಬ್ಯಾಟರಿ ತುಂಬಿರಬೇಕು, ಹಳೆಯದರ ಪ್ರತಿ ತೆಗೆದಿಡಬೇಕು, ಮುಗಿಯುವ ತನಕ ಕೇಬಲ್ ಮುಟ್ಟಬಾರದು ಎಂದಿತ್ತು. ಪ್ಲೇಯರನ್ನು ಕಂಪ್ಯೂಟರಿಗೆ ಸಿಕ್ಕಿಸಿ ಎಲ್ಲ ಹಾಗೇ ಮಾಡಿದೆ. ಅರ್ಧ ಆಗುವಷ್ಟರಲ್ಲಿ ಅಣ್ಣ, "ಎಷ್ಟೊತ್ತಲೇ ಇದು?" ಎಂದು ಕೇಬಲ್ಲಿಗೆ ಕೈಹಾಕಿದ. ಕಿತ್ತರೆ ಪ್ಲೇಯರ್ ಸತ್ತ ಹಾಗೇ. ಅವನ ಕಪಾಳಕ್ಕೆ ಬಾರಿಸಿದೆ. ಅವನು ಎದೆಗೆ ಒದ್ದ. ಅಂಗಳಕ್ಕೆ ಬಿದ್ದು ಉರುಳಾಡಿ ಹೊಡೆದಾಡಿದೆವು. ಅವ್ವ ಬಾರುಕೋಲು ಹಿಡಿದು ಇಬ್ಬರಿಗೂ ಬಿಟ್ಟಳು. ಒಳಗೆ ಕೇಬಲ್ ಮಾತ್ರ ಅಲ್ಲಾಡಲಿಲ್ಲ.

ಹೊಸದು ಭರ್ಜರಿಯಾಗಿ ಕೆಲಸ ಮಾಡಿತು. ಹಂದಿ ಬರುವುದು ನಿಂತಿತು. ಯಾವಾಗ ಏನು ಕೂಗುತ್ತದೋ ನಮಗೇ ತಿಳಿಯುತ್ತಿರಲಿಲ್ಲ. ಅಣ್ಣ ಪಕ್ಕದಲ್ಲೇ ಕೂತಿದ್ದರೂ ಅವನ ಅರಚಾಟಕ್ಕೆ ಅವ್ವ ಮೊದಮೊದಲು ಬೆಚ್ಚುತ್ತಿದ್ದಳು. ಆಮೇಲೆ ರೂಢಿಯಾಯಿತು.

ಒಂದು ಸಂಜೆ ಅಣ್ಣ ಮೇವು ಕೊಯ್ಯಲು ಹೋಗಿದ್ದ. ಹೊಲದಿಂದ "ಅಯ್ಯಯ್ಯೋ, ಸತ್ತೆ, ಬರ್ರೋ!" ಕೇಳಿತು.

"ಎಂಥಾ ಸೌಂಡ್ ಐತಿ ನೋಡವ್ವಾ," ಎಂದು ನಾನು ಚಹಾ ಹೀರಿದೆ. ಮತ್ತೆ ಕೇಳಿತು. ಅವ್ವ ಅಕ್ಕಿ ಆರಿಸುತ್ತಲೇ ಇದ್ದಳು. ಮೂರನೆಯ ಸಲ ಬರೀ "ಅವ್ವಾ" ಎಂದಿತು. ಅದನ್ನು ನಾವು ತುಂಬಿರಲಿಲ್ಲ.

ಅವ್ವ ಮೊರ ಎಸೆದು ನನಗಿಂತ ಮುಂಚೆ ಓಡಿದಳು. ಎಲ್ಲಿಂದಲೋ ನುಗ್ಗಿದ್ದ ಒಂಟಿ ಹಂದಿಯ ಕೋರೆ ಅಣ್ಣನ ತೊಡೆಯನ್ನು ಮೂಳೆ ಕಾಣುವಂತೆ ಸೀಳಿತ್ತು. ಹಂದಿ ಇನ್ನೂ ಗುಟುರು ಹಾಕುತ್ತಾ ನಿಂತಿತ್ತು. ಬಿದ್ದಿದ್ದ ಕುಡುಗೋಲು ಎತ್ತಿ ಅದರ ಮುಸುಡಿಗೆ ಬೀಸಿದೆ, ಮತ್ತೆ ಬೀಸಿದೆ. ಅದು ರಕ್ತ ಚೆಲ್ಲುತ್ತಾ ಜೋಳದೊಳಗೆ ನುಗ್ಗಿತು. ಅದೇ ಹೊತ್ತಿಗೆ ಬೇಲಿಯ ಬದಿಯಿಂದ ಪೆಟ್ಟಿಗೆ ಅಣ್ಣನ ದನಿಯಲ್ಲಿ "ಸತ್ತೆ, ಬರ್ರೋ!" ಎಂದು ಕಿರುಚಿತು. ಅವ್ವ ಅದರ ವೈರು ಕಿತ್ತೆಸೆದಳು.

ಶಿಕಾರಿಪುರದ ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದ ಮೇಲೆ ಅಣ್ಣ ಮೊದಲು ಹೇಳಿದ್ದು, "ಹಳೇದನ್ನೇ ಹಾಕೋ ಲೇ. ಯಾವಾಗ ಏನು ಕೂಗ್ತೈತಿ ಅಂತ ಗೊತ್ತಿರ್ಲಿ." ತೆಗೆದಿಟ್ಟ ಪ್ರತಿಯಿಂದ ಹಳೆಯದನ್ನೇ ಹಾಕಿದೆ, ಅವನ ದನಿಯನ್ನು ಅಳಿಸಿದೆ. ಈಗ ನಾಯಿ, ಪಟಾಕಿ, ಬೈಗುಳ ಅದೇ ಸರದಿಯಲ್ಲಿ ಬರುತ್ತವೆ. ಹಂದಿಗಳು ಹಾಯಾಗಿ ತಿನ್ನುತ್ತವೆ. ಹೊಲದ ಕಡೆಯಿಂದ ಯಾರು ಕೂಗಿದರೂ ಅವ್ವ ಓಡುತ್ತಾಳೆ.