ಬೇಸ್ ಹೆಡ್ಡಿನೊಳಗಿನ ಫ್ಯಾನು

ಇದನ್ನು ಬರೆಯುವುದನ್ನು ವರ್ಷಗಳಿಂದ ಮುಂದೂಡುತ್ತ ಬಂದಿದ್ದೇನೆ. ಮೊದಲು ಕಣ್ಣಿನ ಪೊರೆಯ ನೆಪ. ಆಮೇಲೆ ಅಂಗಡಿ ಖಾಲಿ ಮಾಡುವ ನೆಪ. ಅದಾದ ಮೇಲೆ ‘ಈಗ ಹೇಳಿದರೆ ಯಾರಿಗೇನು ಲಾಭ’ ಎಂಬ ನೆಪ. ಮೂರರಲ್ಲಿ ಕೊನೆಯದೇ ಹೆಚ್ಚು ಹೊಲಸು. ಸುಳ್ಳು ಹೇಳಿದ ದಿನ ನನ್ನ ಲಾಭವನ್ನು ನಾನು ಚೆನ್ನಾಗಿಯೇ ನೋಡಿಕೊಂಡಿದ್ದೆ.

2016ರಲ್ಲಿ ನಾನು ಚಾಮರಾಜಪೇಟೆಯ ಒಂದು ಅಡ್ಡರಸ್ತೆಯಲ್ಲಿ ಆಂಪ್ಲಿಫೈಯರ್ ತಯಾರಿಸಿ ಮಾರುವ ಚಿಕ್ಕ ಅಂಗಡಿ ನಡೆಸುತ್ತಿದ್ದೆ. ಓದಿದ್ದು ಎಸ್ಸೆಸ್ಸೆಲ್ಸಿ. ಕೆಲಸ ಕಲಿತದ್ದು ನಗರ್ತಪೇಟೆಯ ಒಂದು ರೇಡಿಯೊ ರಿಪೇರಿ ಅಂಗಡಿಯಲ್ಲಿ, ಬೈಸಿಕೊಂಡು. ಹರಿಕಥೆ, ಶಾಲೆಯ ವಾರ್ಷಿಕೋತ್ಸವ, ರಾಜ್ಯೋತ್ಸವದ ವೇದಿಕೆ, ಎಲ್ಲೆಲ್ಲಿ ಮೈಕು ಇತ್ತೋ ಅಲ್ಲಿ ನನ್ನ ಪೆಟ್ಟಿಗೆ ಇರುತ್ತಿತ್ತು. ಜನ ನನ್ನನ್ನು ಆಂಪ್ಲಿಫೈಯರ್ ನಂಜುಂಡಣ್ಣ ಎಂದೇ ಕರೆಯುತ್ತಿದ್ದರು. ಆ ಹೆಸರಿನ ಜಂಬ ನನಗೆ ಬಹಳ ಇತ್ತು.

ಆ ವರ್ಷ ಬೇಸಿಗೆಯಲ್ಲಿ ಒಬ್ಬ ಹೆಣ್ಣುಮಗಳು ಅಂಗಡಿಗೆ ಬಂದರು. ಕಾಟನ್‌ಪೇಟೆಯ ಹತ್ತಿರ ಒಂದು ಶಾಲೆಯಲ್ಲಿ ಗಣಿತದ ಟೀಚರ್. ರಜೆ ದಿನಗಳಲ್ಲಿ ದೊರೆರಾಜು ಎಂಬುವನ ಆರ್ಕೆಸ್ಟ್ರಾದಲ್ಲಿ ದಪ್ಪ ತಂತಿಯ, ತಗ್ಗು ದನಿಯ ಬೇಸ್ ಗಿಟಾರ್ ನುಡಿಸುತ್ತಿದ್ದರು. ತಂಡದಲ್ಲಿ ಎಲ್ಲರೂ ಅವರನ್ನು ಟೀಚರಮ್ಮ ಎನ್ನುತ್ತಿದ್ದರು. ಹಾಡುವ ಹೆಂಗಸರು ಆರ್ಕೆಸ್ಟ್ರಾಗಳಲ್ಲಿ ಬೇಕಾದಷ್ಟು ಇದ್ದರು. ಬೇಸ್ ನುಡಿಸುವ ಹೆಂಗಸನ್ನು ನಾನು ಅದುವರೆಗೆ ನೋಡಿರಲಿಲ್ಲ.

“ನನಗೊಂದು ಹೆಡ್ ಮಾಡ್ಕೊಡ್ತೀರಾ, ನಂಜುಂಡಣ್ಣ? ನನ್ನ ಸ್ವಂತದ್ದು,” ಎಂದರು.

ಹೆಡ್ ಎಂದರೆ ಸ್ಪೀಕರ್ ಇಲ್ಲದ ಆಂಪ್ಲಿಫೈಯರ್ ಪೆಟ್ಟಿಗೆ. ಸ್ಪೀಕರ್ ಇರುವ ದೊಡ್ಡ ಪೆಟ್ಟಿಗೆಗೆ ಕ್ಯಾಬಿನೆಟ್ ಎನ್ನುತ್ತಾರೆ. ಹೆಡ್ಡು ಅದರ ತಲೆಯ ಮೇಲೆ ಕೂರುತ್ತದೆ. ತಂಡದ ಕ್ಯಾಬಿನೆಟ್ ದೊರೆರಾಜುವಿನದೇ ಇತ್ತು. ಆದರೆ ಬೇಸ್ ಗಿಟಾರಿಗೆಂದು ಹೆಡ್ ಇರಲಿಲ್ಲ. ಹಾಡುವವರ ಮೈಕಿನ ಆಂಪ್ಲಿಫೈಯರಿಗೇ ಗಿಟಾರನ್ನೂ ಸಿಕ್ಕಿಸುತ್ತಿದ್ದರು. ನಾದವೆಲ್ಲ ಕಲಸಿದ ಅನ್ನವಾಗುತ್ತಿತ್ತು.

ಅವರ ಜೊತೆ ಬಂದಿದ್ದ ದೊರೆರಾಜು ನಕ್ಕ. “ಟೀಚರಮ್ಮನ ಬೇಸು ಕೇಳ್ಬೇಕಂದ್ರೆ ಸ್ಟೇಜಿಗೆ ಕಿವಿ ಆನಿಸ್ಬೇಕು ಗುರು. ಕೇಳೋ ಹಂಗಿದ್ರೆ ತಂಡದಲ್ಲಿರ್ತಾರೆ. ಇಲ್ಲಾಂದ್ರೆ ನಮ್ ಸತೀಶನ ಎಡಗೈ ಖಾಲಿನೇ ಇದೆ.”

ಸತೀಶ ಕೀಬೋರ್ಡ್ ನುಡಿಸುವವನು. ಕೀಬೋರ್ಡಿನ ಎಡಭಾಗದಲ್ಲಿ ಬೇಸನ್ನೂ ಬಾರಿಸಿ ಒಬ್ಬರ ಜಾಗ ಉಳಿಸುವುದು ಆರ್ಕೆಸ್ಟ್ರಾಗಳಲ್ಲಿ ಮೊದಲಿನಿಂದ ನಡೆದುಬಂದದ್ದು. ಹಾಗಾಗಿ ಆ ಹೆಡ್ಡಿನ ಮೇಲೆ ಏನು ನಿಂತಿದೆ ಎಂಬುದು ಮೊದಲ ದಿನವೇ ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳುವ ಹಾಗಿಲ್ಲ.

ಮುನ್ನೂರು ವ್ಯಾಟಿನ ಹೆಡ್ ಮಾಡಿಕೊಟ್ಟೆ. ಹೇಗೆ ಮಾಡಿದೆ ಎಂಬುದನ್ನು ಇಲ್ಲಿ ಬಿಡಿಸಿ ಹೇಳಲೇಬೇಕು. ಪಾಪವೆಲ್ಲ ಅದರೊಳಗೇ ಇದೆ.

ನಮ್ಮ ಕಸುಬಿನಲ್ಲಿ ಒಂದು ದರಿದ್ರ ಪದ್ಧತಿ ಇತ್ತು. ಯಾರೂ ಕಾಪಿ ಹೊಡೆಯಬಾರದೆಂದು ಟ್ರಾನ್ಸಿಸ್ಟರುಗಳ ಮೇಲಿನ ನಂಬರನ್ನು ಉಪ್ಪುಕಾಗದದಲ್ಲಿ ಉಜ್ಜಿ ಅಳಿಸುವುದು. ಮುಖ್ಯ ಬೋರ್ಡಿನ ಮೇಲೆ ಕಪ್ಪು ಎಪಾಕ್ಸಿ ಅಂಟು ಸುರಿದು, ಒಳಗೇನಿದೆ ಎಂದು ಕಾಣದಂತೆ ಕಲ್ಲು ಮಾಡಿಬಿಡುವುದು. ಕೊನೆಗೆ ಮುಚ್ಚಳದ ಸ್ಕ್ರೂಗಳಿಗೆ ಕೆಂಪು ನೇಲ್ ಪಾಲಿಶ್ ಹಚ್ಚುವುದು. ಬಣ್ಣ ಒಡೆದಿದ್ದರೆ ಯಾರೋ ಬಿಚ್ಚಿದ್ದಾರೆ ಎಂದರ್ಥ. ಅಲ್ಲಿಗೆ ಗ್ಯಾರಂಟಿ ಮುಗಿಯಿತು. ಎಂಥ ಮಹಾ ವಿದ್ಯೆ ನಮ್ಮದು! ನಾನೂ ಆ ಡಿಸೈನನ್ನು ಯಾವುದೋ ಹಳೆಯ ಪೆಟ್ಟಿಗೆ ಬಿಚ್ಚಿ ನೋಡಿಯೇ ಕಲಿತಿದ್ದೆ. ನಾನು ಹತ್ತಿದ ಏಣಿಯನ್ನು ಒದೆಯುವುದಕ್ಕೆ ಅಂಟು ಸುರಿಯುತ್ತಿದ್ದೆ.

ಆ ಅಂಟಿನೊಳಗೆ ಬಯಾಸ್ ಟ್ರಾನ್ಸಿಸ್ಟರ್ ಎಂಬ ಒಂದು ಚಿಕ್ಕ ಭಾಗವೂ ಹೂತುಹೋಗಿತ್ತು. ಹಾಲು ಉಕ್ಕುವಾಗ ಉರಿ ತಗ್ಗಿಸುವ ಕೈ ಇದ್ದಂತೆ ಅದು. ದೊಡ್ಡ ಟ್ರಾನ್ಸಿಸ್ಟರುಗಳು ಕಾದಾಗ ಅವುಗಳೊಳಗೆ ಹರಿಯುವ ಕರೆಂಟನ್ನು ಅದು ತಗ್ಗಿಸಬೇಕು. ತಗ್ಗಿಸಬೇಕಾದರೆ ಬಿಸಿ ಅದಕ್ಕೆ ಗೊತ್ತಾಗಬೇಕು. ಅದಕ್ಕೇ ಅದನ್ನು ಹೀಟ್‌ಸಿಂಕ್ ಎಂಬ ಅಲ್ಯೂಮಿನಿಯಂ ಪಟ್ಟಿಯ ಮೇಲೆ, ದೊಡ್ಡ ಟ್ರಾನ್ಸಿಸ್ಟರುಗಳ ಪಕ್ಕದಲ್ಲೇ ಕೂರಿಸಬೇಕು. ನನ್ನ ಬೋರ್ಡಿನಲ್ಲಿ ಅದು ದೂರದಲ್ಲಿ, ಅಂಟಿನ ಕಂಬಳಿ ಹೊದ್ದು ಮಲಗಿತ್ತು. ಹರಿಕಥೆಯ ದಾಸರು ಮಾತಾಡಿ ನಿಲ್ಲಿಸಿ ಮತ್ತೆ ಮಾತಾಡುವವರು. ನಡುವೆ ಪೆಟ್ಟಿಗೆ ತಣಿಯುತ್ತಿತ್ತು. ಹಾಗಾಗಿ ಮೈಕಿನ ಆಂಪ್ಲಿಫೈಯರುಗಳಲ್ಲಿ ಈ ತಪ್ಪು ಎಂದೂ ಬಯಲಾಗಿರಲಿಲ್ಲ. ಬೇಸ್ ಗಿಟಾರ್ ಹಾಗಲ್ಲ. ಹಾಡು ಮುಗಿಯುವತನಕ ಅದರ ದಪ್ಪ ತಂತಿ ಬಿಡುವೇ ಕೊಡುವುದಿಲ್ಲ. ಅದೇ ಬೋರ್ಡನ್ನು ಬೇಸ್ ಹೆಡ್ಡಿಗೆ ಹಾಕಿದೆ. ಮುಚ್ಚಳ ತೆಗೆದಿಟ್ಟು, ಗಾಳಿಯಾಡುವ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಪರೀಕ್ಷೆ ಮಾಡಿ, ‘ಫಸ್ಟ್ ಕ್ಲಾಸ್’ ಎಂದು ನನಗೆ ನಾನೇ ಸರ್ಟಿಫಿಕೇಟ್ ಕೊಟ್ಟುಕೊಂಡೆ.

ಮೊದಲ ಕಾರ್ಯಕ್ರಮಗಳಲ್ಲಿ ಟೀಚರಮ್ಮನ ಬೇಸು ಎದೆಗೆ ತಾಗುವ ಹಾಗೆ ಕೇಳಿಸಿತು. ದೊರೆರಾಜು ಗೊಣಗುವುದನ್ನು ನಿಲ್ಲಿಸಿದ. ಮಳೆಗಾಲದ ನಡುವೆ ಒಂದು ದಿನ ಅವರು ಹೆಡ್ಡನ್ನು ಆಟೋದಲ್ಲಿಟ್ಟುಕೊಂಡು ಅಂಗಡಿಗೆ ಬಂದರು.

“ಮೂರನೇ ಹಾಡಿಗೆ ಕೈಯಿಡಕ್ಕಾಗಲ್ಲ, ಅಷ್ಟು ಕಾಯ್ತಿದೆ. ಒಂಥರಾ ವಾಸನೆ ಬೇರೆ ಬರ್ತಿದೆ. ಒಂದ್ಸಲ ಬಿಚ್ಚಿ ನೋಡಿ.”

“ಆಂಪ್ಲಿಫೈಯರ್ ಅಂದ್ಮೇಲೆ ಕಾಯುತ್ತೆ ಮೇಡಂ. ಐಸ್‌ಕ್ರೀಂ ಡಬ್ಬಾನಾ ಇದು?”

“ಕಾಯೋದಕ್ಕೂ ಒಂದು ಲೆಕ್ಕ ಇರುತ್ತಲ್ವಾ? ಒಂದೊಂದು ಹಾಡಿಗೂ ಜಾಸ್ತಿ ಆಗ್ತಾ ಹೋಗ್ತಿದೆ, ಎಲ್ಲೂ ನಿಲ್ತಿಲ್ಲ.”

ಇದಕ್ಕಿಂತ ಸ್ಪಷ್ಟವಾಗಿ ಯಾರೂ ನನ್ನ ತಪ್ಪನ್ನು ನನಗೆ ಹೇಳಲಾರರು. ಆದರೆ ನನ್ನ ಕಿವಿಗೆ ಬಿದ್ದದ್ದು ಬೇರೆ. ಒಬ್ಬಳು ಟೀಚರು, ಅದರಲ್ಲೂ ಗಣಿತದ ಟೀಚರು, ಎಸ್ಸೆಸ್ಸೆಲ್ಸಿಯವನಿಗೆ ಪಾಠ ಹೇಳಲು ಬಂದಿದ್ದಾಳೆ ಎಂದು ಮೈ ಉರಿಯಿತು.

“ಲೆಕ್ಕ ನಿಮ್ ಸ್ಕೂಲಲ್ಲಿಟ್ಕೊಳಿ. ಇದು ನಂದು, ನಂಗೊತ್ತು,” ಎಂದೆ.

ಅವರು ಹೆಡ್ಡಿನ ಮೇಲೆ ಕೈಯಿಟ್ಟು ನಿಧಾನವಾಗಿ ಕೇಳಿದರು: “ದುಡ್ಡು ಕೊಟ್ಟು ತಗೊಂಡ್ಮೇಲೂ ನಿಮ್ದೇನಾ?”

ನಾನು ಹೆಡ್ಡನ್ನು ಅವರ ಕಡೆಗೇ ತಳ್ಳಿದೆ. ಬಿಚ್ಚಿ ನೋಡಲೂ ಇಲ್ಲ. ಸ್ಕ್ರೂಗಳ ಕೆಂಪು ಬಣ್ಣ ತೋರಿಸಿ, ಬೇರೆಯವರು ಕೈಯಿಟ್ಟರೆ ಗ್ಯಾರಂಟಿ ಇಲ್ಲವೆಂದು ಹೇಳಿ ಕಳಿಸಿದೆ.

ಗಣೇಶನ ಹಬ್ಬದ ಸಮಯ ಮಲ್ಲೇಶ್ವರದ ಒಂದು ಕ್ರಾಸಿನಲ್ಲಿ ದೊರೆರಾಜುವಿನ ಕಾರ್ಯಕ್ರಮ. ಸಂಜೆ ರಸ್ತೆ ತುಂಬ ಜನ. ಮೈಕುಗಳ ಜವಾಬ್ದಾರಿ ನನ್ನದಾದ್ದರಿಂದ ನಾನು ವೇದಿಕೆಯ ಪಕ್ಕದಲ್ಲೇ ಕುಳಿತಿದ್ದೆ. ಭಕ್ತಿಗೀತೆಗಳು ಮುಗಿದು ಕುಣಿಸುವ ಹಾಡುಗಳು ಶುರುವಾಗಿದ್ದವು. ಒಂದರ ಬೆನ್ನಿಗೆ ಇನ್ನೊಂದು, ನಡುವೆ ನಿಲ್ಲಿಸಲೇ ಇಲ್ಲ. ಮೊದಲು ನನಗೆ ವಾಸನೆ ಬಂತು. ಆಮೇಲೆ ಸ್ಪೀಕರ್ ‘ಧಡ್’ ಎಂದಿತು. ದೊಡ್ಡ ಟ್ರಾನ್ಸಿಸ್ಟರುಗಳು ಶಾರ್ಟ್ ಆಗಿ, ಪೆಟ್ಟಿಗೆಯ ಅಷ್ಟೂ ಕರೆಂಟು ನೇರವಾಗಿ ಸ್ಪೀಕರಿಗೆ ನುಗ್ಗಿತ್ತು. ಅದನ್ನು ತಡೆಯುವ ರಿಲೇ ಒಂದನ್ನು ಹಾಕಬಹುದಿತ್ತು, ನಾನು ಹಾಕಿರಲಿಲ್ಲ. ಕ್ಯಾಬಿನೆಟ್ಟಿನ ಎರಡೂ ಸ್ಪೀಕರುಗಳ ಒಳಗಿನ ತಂತಿಸುರುಳಿ, ಅಂದರೆ ಕಾಯಿಲ್, ಸುಟ್ಟು ಹೊಗೆ ಬಂತು.

“ಗಣಪತಿಗೆ ಧೂಪ ಹಾಕ್ತವ್ರೆ ಮಗಾ!” ಎಂದು ಜನರ ನಡುವಿನಿಂದ ಒಬ್ಬ ಕೂಗಿದ. ಎಲ್ಲರೂ ನಕ್ಕರು. ಸತೀಶ ಎಡಗೈಯಲ್ಲಿ ಬೇಸ್ ಹಿಡಿದು ಹಾಡು ಮುಂದುವರಿಸಿದ. ಟೀಚರಮ್ಮ ಶಬ್ದವಿಲ್ಲದ ಗಿಟಾರನ್ನು ಕೊರಳಿಗೆ ಹಾಕಿಕೊಂಡು ಕಾರ್ಯಕ್ರಮ ಮುಗಿಯುವತನಕ ಅಲ್ಲೇ ನಿಂತರು.

ಮರುದಿನ ಬೆಳಿಗ್ಗೆ ದೊರೆರಾಜು, ಸತೀಶ ಮತ್ತು ಟೀಚರಮ್ಮ ನನ್ನ ಅಂಗಡಿಗೆ ಬಂದರು. ಹೆಡ್ಡನ್ನು ಬೆಂಚಿನ ಮೇಲಿಟ್ಟು ನೋಡಿದೆ. ಸ್ಕ್ರೂಗಳ ಮೇಲಿನ ನೇಲ್ ಪಾಲಿಶ್ ಒಡೆದಿತ್ತು. ಮುಚ್ಚಳ ತೆಗೆದೆ. ಒಳಗೆ ಎಡಬದಿಗೆ ಹಳೆಯ ಕಂಪ್ಯೂಟರಿನದೊಂದು ಫ್ಯಾನು. ಅಚ್ಚುಕಟ್ಟಾಗಿ ಕೂರಿಸಿ, ಅದಕ್ಕೆ ಬೇರೆಯೇ ಅಡಾಪ್ಟರ್ ಕೊಟ್ಟಿದ್ದರು. ನನ್ನ ಒಂದು ತಂತಿಯನ್ನೂ ಮುಟ್ಟಿರಲಿಲ್ಲ.

“ನಾನೇ ಹಾಕಿದ್ದು. ನೀವು ನೋಡಲ್ಲ ಅಂದ್ರಲ್ಲ, ಗಾಳಿನಾದ್ರೂ ಆಡ್ಲಿ ಅಂತ,” ಎಂದರು.

ನಾನು ಟ್ರಾನ್ಸಿಸ್ಟರುಗಳನ್ನು ಒಂದೊಂದಾಗಿ ಮೀಟರಿನಲ್ಲಿ ನೋಡಿದೆ. ಫ್ಯಾನಿನ ಗಾಳಿ ತಾಗುತ್ತಿದ್ದ ಎಡಗಡೆಯವು ಚೆನ್ನಾಗಿದ್ದವು. ಗಾಳಿ ತಲುಪದ ಬಲಗಡೆಯವು ಸುಟ್ಟಿದ್ದವು. ಅಷ್ಟೇ ಸಾಕಿತ್ತು. ಬಯಾಸ್ ಟ್ರಾನ್ಸಿಸ್ಟರ್ ಅಂಟಿನೊಳಗೆ ಕುರುಡಾಗಿ ಕೂತಿದೆ, ಈ ಹೆಡ್ಡು ಇಷ್ಟು ದಿನ ಬಾಳಿದ್ದೇ ಈ ಫ್ಯಾನಿನಿಂದ ಎಂದು ನನಗೆ ಆ ಕ್ಷಣಕ್ಕೇ ತಿಳಿಯಿತು. ಇನ್ನೂ ಅನುಮಾನವಿತ್ತು, ಗೊಂದಲವಿತ್ತು ಎಂದು ಬರೆದರೆ ಅದು ಎರಡನೆಯ ಸುಳ್ಳಾಗುತ್ತದೆ.

ದೊರೆರಾಜು ಕೇಳಿದ: “ಯಾರ್ ತಪ್ಪು ಹೇಳು ಗುರು. ನನ್ ಸ್ಪೀಕರ್ ಹೋಗಿದೆ.”

“ಸೀಲ್ ಒಡೆದಿದಾರೆ. ಒಳಗೆ ಏನೇನೋ ಸೇರಿಸಿದಾರೆ. ನನ್ನ ಜವಾಬ್ದಾರಿ ಅಲ್ಲ.”

ಸತೀಶ ನಕ್ಕ. “ಟೀಚರಮ್ಮ, ಕ್ಲಾಸ್ ರೂಮಿಗೆ ಫ್ಯಾನ್ ಹಾಕಿ ಅಂದ್ರೆ ಆಂಪಿಗ್ ಹಾಕಿದೀರಲ್ರೀ.”

ಅವರು ಅವನ ಕಡೆ ತಿರುಗಲಿಲ್ಲ. “ನಂಜುಂಡಣ್ಣ, ಫ್ಯಾನ್ ಹಾಕಿದ್ರೆ ಟ್ರಾನ್ಸಿಸ್ಟರ್ ಸುಡುತ್ತಾ? ನನ್ನ ಮುಖ ನೋಡ್ಕೊಂಡು ಹೇಳಿ.”

ನಾನು ದೊರೆರಾಜುವಿನ ಮುಖ ನೋಡಿಕೊಂಡು ಹೇಳಿದೆ: “ಸುಡುತ್ತೆ.”

ಒಂದೇ ಪದ. ಅವನಿಗೆ ಬೇಕಾಗಿದ್ದದ್ದೂ ಅದೇ. ಬೇಸ್ ನುಡಿಸಲು ಬೇರೆ ಹುಡುಗನನ್ನು ಅವನು ಮೊದಲೇ ನೋಡಿಟ್ಟಿದ್ದ ಎಂದು ಆಮೇಲೆ ತಿಳಿಯಿತು. ಅದನ್ನು ಹೇಳಿ ನನ್ನ ಭಾರ ಇಳಿಸಿಕೊಳ್ಳುವುದಿಲ್ಲ. ಅವನ ಕೈಗೆ ಕತ್ತಿ ಕೊಟ್ಟವನು ನಾನು. ಸ್ಪೀಕರಿನ ನಷ್ಟಕ್ಕೆ ಹೆಡ್ಡು ತನಗಿರಲಿ, ಹಬ್ಬದ ಉಳಿದ ಕಾರ್ಯಕ್ರಮಗಳಿಗೆ ಟೀಚರಮ್ಮ ಬರುವುದು ಬೇಡ ಎಂದು ದೊರೆರಾಜು ಅಲ್ಲೇ ಹೇಳಿದ. ಹಬ್ಬದ ನಂತರವೂ ಅವರನ್ನು ಕರೆಯಲಿಲ್ಲ.

ಅವರು ಜಗಳವಾಡಲಿಲ್ಲ. ನನ್ನ ಬೆಂಚಿನಿಂದಲೇ ಸ್ಕ್ರೂಡ್ರೈವರ್ ತೆಗೆದುಕೊಂಡು ಫ್ಯಾನನ್ನು ಬಿಚ್ಚಿದರು. “ಇದಂತೂ ನಂದೇ ಅಲ್ವಾ?” ಎಂದು ಕೇಳಿ, ಅದನ್ನು ಚೀಲಕ್ಕೆ ಹಾಕಿಕೊಂಡು ಹೋದರು.

ಇಲ್ಲಿಗೆ ನಿಂತಿದ್ದರೆ ಹೇಡಿತನ ಎನ್ನಬಹುದಿತ್ತು. ಮುಂದೆ ಮಾಡಿದ್ದಕ್ಕೆ ಕಳ್ಳತನ ಎಂದೇ ಹೆಸರು. ಅದೇ ವಾರ ಒಂದು ಹೊಸ ಬೋರ್ಡಿನಲ್ಲಿ ಬಯಾಸ್ ಟ್ರಾನ್ಸಿಸ್ಟರನ್ನು ಅಂಟಿನಿಂದ ಹೊರಗೆ ತಂದು ಹೀಟ್‌ಸಿಂಕಿನ ಮೇಲೆ ಕೂರಿಸಿದೆ. ಅಷ್ಟೇ ಅಗಲದ ಫ್ಯಾನು ಹುಡುಕಿ ತಂದು ಹಾಕಿದೆ, ಅವರು ಹಾಕಿದ್ದ ಜಾಗದಲ್ಲೇ. ದೊರೆರಾಜುವಿಗೆ ಟೀಚರಮ್ಮನ ಹೆಡ್ಡನ್ನು ಹಾಗೆ ಸರಿಮಾಡಿ ಕೊಟ್ಟೆ. ಹೊಸ ಹುಡುಗ ಅದರಲ್ಲಿ ಬಾರಿಸಿದ. ಫ್ಯಾನ್ ಏಕೆಂದು ದೊರೆರಾಜು ಕೇಳಲಿಲ್ಲ. ಕೇಳುವ ಅಗತ್ಯ ಅವನಿಗೂ ಇರಲಿಲ್ಲ. ಆಮೇಲೆ ‘ಫ್ಯಾನ್ ಮಾಡೆಲ್’ ಎಂದು ಮುಂದಿನ ಫಲಕದ ಮೇಲೆ ನನ್ನ ಹೆಸರು ಕೊರೆಸಿ ಮಾರಿದೆ. ಅಂಗಡಿ ಮುಚ್ಚುವತನಕ ಅದೇ ನನ್ನ ಅನ್ನ.

ಟೀಚರಮ್ಮನನ್ನು ಮತ್ತೆ ಒಂದೇ ಸಲ ನೋಡಿದ್ದು, ಮಲ್ಲೇಶ್ವರಕ್ಕೆ ಹೋಗುವ ಬಸ್ಸಿನಲ್ಲಿ. ಅವರೇ ಗುರುತು ಹಿಡಿದು, “ಕಣ್ಣಿನ ಆಪರೇಷನ್ ಆಯ್ತಂತೆ, ಈಗ ಹೇಗಿದೀರಾ?” ಎಂದು ಕೇಳಿದರು.

“ಪರವಾಗಿಲ್ಲ. ಈಗ್ಲೂ ನುಡಿಸ್ತೀರಾ?” ಎಂದೆ.

“ಇಲ್ಲ ನಂಜುಂಡಣ್ಣ. ಕೈ ತಪ್ಪೋಯ್ತು.”

ದೂರು ಹೇಳುವ ಧ್ವನಿಯೇ ಅಲ್ಲ. ತಪ್ಪಾಯಿತು ಎನ್ನಬೇಕಿತ್ತು. ಆ ಮಾತು ಬಾಯಿಗೆ ಬಂದದ್ದೂ ನಿಜ. ಮುಂದೆ ಯಾವುದೋ ಸ್ಟಾಪು ಬಂತು. ನನ್ನದಲ್ಲದ ಆ ಸ್ಟಾಪಿನಲ್ಲಿ ಇಳಿದು ನಡೆದುಬಿಟ್ಟೆ.

ಕಳೆದ ವರ್ಷ ಬಸವನಗುಡಿಯ ಒಂದು ಬ್ಯಾಂಡಿನ ಹುಡುಗರು ನನ್ನ ಮನೆ ಹುಡುಕಿಕೊಂಡು ಬಂದರು. ಎಲ್ಲೋ ಹಳೆಯ ಸಾಮಾನಿನಲ್ಲಿ ನನ್ನ ಫ್ಯಾನ್ ಮಾಡೆಲ್ ಸಿಕ್ಕಿತಂತೆ. “ಅಂಕಲ್, ಸೌಂಡ್ ಸೂಪರ್. ಗಂಟೆಗಟ್ಲೆ ಬಾರಿಸಿದ್ರೂ ಕೂಲಾಗಿರುತ್ತೆ. ಫ್ಯಾನ್ ಅಲ್ಲೇ ಇಡ್ಬೇಕು ಅಂತ ನಿಮಗೆ ಹೇಗೆ ಹೊಳೀತು?” ಎಂದು ಕೇಳಿದರು. ನಾನು, “ಅನುಭವ ಕಣ್ರಪ್ಪಾ,” ಎಂದು ನಕ್ಕೆ. ಅವರು ನನ್ನ ಜೊತೆ ಫೋಟೊ ತೆಗೆಸಿಕೊಂಡರು. ಅವರು ಹೋದ ಮೇಲೆ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕೆನಿಸಿತು. ಈ ವಯಸ್ಸಿನಲ್ಲೂ, ನಿಜ ಹೇಳಿದರೆ ಕಳೆದುಕೊಳ್ಳುವುದೇನೂ ಇಲ್ಲದಾಗಲೂ, ಅದೇ ಸುಳ್ಳು ಅಷ್ಟೇ ಸಲೀಸಾಗಿ ಬಂತು.

ಕಸುಬು ನನಗೆ ಕಲಿಸಿದ್ದು ಇಷ್ಟು. ಮಾಡಿ ಮಾರಿದ ಮೇಲೆ ಯಂತ್ರ ನಮ್ಮದಲ್ಲ. ಅದರ ತಪ್ಪು ಮಾತ್ರ ಕೊನೆಯತನಕ ನಮ್ಮದು. ನಾನು ಇದನ್ನು ತಿರುಗಾಮುರುಗಾ ಮಾಡಿ ಬದುಕಿದೆ: ಯಂತ್ರ ನನ್ನದು ಎಂದೆ, ತಪ್ಪು ಕೊಂಡವರದು ಎಂದೆ. ಈಗ ಈ ಕೆಲಸ ಕಲಿಯುತ್ತಿರುವವರು ಯಾರಾದರೂ ಇದನ್ನು ಓದಿದರೆ, ಬೋರ್ಡಿನ ಮೇಲೆ ಅಂಟು ಸುರಿಯಬೇಡಿ. ನಂಬರ್ ಉಜ್ಜಬೇಡಿ. ಕಾಯುತ್ತಿದೆ ಎಂದು ಯಾರಾದರೂ ಬಂದರೆ ಮೊದಲು ಮುಚ್ಚಳ ತೆಗೆಯಿರಿ.

ಆ ಹೆಡ್ಡುಗಳು ಇನ್ನೂ ಕೆಲವರ ಹತ್ತಿರ ಇವೆ. ಫಲಕದ ಮೇಲಿರುವುದು ನನ್ನ ಹೆಸರು. ಅದನ್ನು ಕೆರೆದು ತೆಗೆದರೆ ನನಗೆ ಬೇಸರವಿಲ್ಲ. ಫ್ಯಾನ್ ಹಾಕಿದವರು, ತಪ್ಪಿಲ್ಲದೆ ತಪ್ಪು ಹೊತ್ತವರು, ನಾನು ಇಂದಿಗೂ ಕ್ಷಮೆ ಕೇಳದವರು: ಎಚ್. ಸುಲೋಚನಾ.