ಅಂಟಿಸಿದ ಕಾಲಿನ ಸಕ್ಕರೆ ಕುದುರೆ

ದೀಪಾವಳಿ ಕಳೆದು ಗೌರಿ ಹುಣ್ಣಿಮೆ ಹತ್ತಿರ ಬಂದರೆ ಸಾಕು, ನಮ್ಮ ಬನಹಟ್ಟಿ ಓಣಿಯ ಸಾವಕ್ಕನಿಗೆ ಸೊಕ್ಕು ಬರುತ್ತಿತ್ತು. ಸೊಕ್ಕು ಎಂದರೆ ಸೊಕ್ಕೇ. ಪಕ್ಕದ ಮನೆಯವಳೆಂದು ನಾನೇನೂ ಮುಚ್ಚಿ ಹೇಳುವುದಿಲ್ಲ. ಬಜಾರಿನಲ್ಲಿ ಬೇಕಾದಷ್ಟು ಸಕ್ಕರೆ ಗೊಂಬೆ ತೂಗಿ ಕೊಡುತ್ತಿದ್ದರೂ ಅವಳು ಮನೆಯಲ್ಲೇ ಮಾಡುತ್ತಿದ್ದಳು. ತಾಯಿ ಕೊಟ್ಟ ಹನ್ನೆರಡು ಜೋಡಿ ಕಟ್ಟಿಗೆಯ ಅಚ್ಚುಗಳೇ ಅವಳ ಆಸ್ತಿ. ಆನೆ, ಕುದುರೆ, ಒಂಟೆ, ನವಿಲು, ಗಿಳಿ, ಬಸವಣ್ಣ, ತುಳಸಿಕಟ್ಟೆ, ಹೀಗೆ. ಹಿಂದಿನ ರಾತ್ರಿ ಅವನ್ನು ನೀರಿನಲ್ಲಿ ನೆನೆಹಾಕುವಳು. ಬೆಳಿಗ್ಗೆ ಜೋಡಿ ಕೂಡಿಸಿ ದಾರದಿಂದ ಬಿಗಿಯುವಳು. ಸಕ್ಕರೆ ಪಾಕಕ್ಕೆ ಚೂರು ಹಾಲು ಬಿಟ್ಟು, ಮೇಲೆ ಬಂದ ಕೊಳೆ ತೆಗೆದು, ಹದ ಬಂದ ಕೂಡಲೇ ಅಚ್ಚಿನ ಬಾಯಿಗೆ ಹೊಯ್ಯುವಾಗ ಅಡುಗೆಮನೆಯಲ್ಲಿ ಯಾರೂ ಮಾತಾಡುವಂತಿರಲಿಲ್ಲ.

"ಅಕ್ಕೋರ, ಸಾಲ್ಯಾಗಿನ ಮಾತು ಸಾಲ್ಯಾಗ ಬಿಟ್ಟ ಬರ್ರಿ. ಇಲ್ಲಿ ಹದಾ ತಪ್ತೈತಿ," ಎಂದು ನನಗೇ ಹೇಳುತ್ತಿದ್ದಳು.

ಇಪ್ಪತ್ತೆಂಟು ವರ್ಷ ಕನ್ನಡ ಶಾಲೆಯಲ್ಲಿ ಮಕ್ಕಳನ್ನು ಗದರಿಸಿದವಳು ನಾನು. ನನ್ನನ್ನು ಗದರಿಸಿದವಳು ಅವಳೊಬ್ಬಳೇ.

ಅವಳ ಗಂಡ ನೀಲಕಂಠ ಎರಡು ಪವರ್‌ಲೂಮ್ ಹಾಕಿ ವರ್ಷ ತುಂಬುವುದರೊಳಗೆ ತೀರಿಕೊಂಡ. ಆಗ ಮಗ ಮಾಂತೇಶನಿಗೆ ಹನ್ನೆರಡು. ಅಳುತ್ತಾ ಕೂರುವ ಪೈಕಿಯವಳಲ್ಲ ಇವಳು. ಹದಿನೈದನೆಯ ದಿನಕ್ಕೆ ಮಗ್ಗದ ಖಡಖಡ ಸದ್ದು ನನ್ನ ಗೋಡೆಗೆ ಬಡಿಯತೊಡಗಿತು. ನೇಕಾರರ ಕೈ ಹೇಗೆಂದರೆ, ಎಳೆ ಹರಿಯಿತೋ, ತಲೆ ಯೋಚಿಸುವ ಮೊದಲೇ ಬೆರಳು ಗಂಟು ಹಾಕಿ ಮುಗಿಸಿರುತ್ತದೆ. ಸಾವಕ್ಕ ಹಾಕಿದ ಗಂಟನ್ನು ಸೀರೆಯಲ್ಲಿ ಹುಡುಕಲು ನಾನು ಕನ್ನಡಕ ಹಾಕಿಕೊಂಡು ನೋಡಿದ್ದೇನೆ, ಸಿಕ್ಕಿಲ್ಲ. ಆ ಕೈಯೇ ಅವಳಿಗೆ ಮುಳುವಾಯಿತು.

ಎಂಟು ವರ್ಷದ ಹಿಂದೆ ಮಾಂತೇಶನಿಗೆ ತೇರದಾಳದ ಮಧುಮತಿಯೊಂದಿಗೆ ನಿಶ್ಚಯವಾಯಿತು. ನಿಶ್ಚಯವಾದ ಹುಡುಗಿಗೆ ಗೌರಿ ಹುಣ್ಣಿಮೆಯಲ್ಲಿ ಗಂಡಿನ ಮನೆಯಿಂದ ಸೀರೆ, ಹೂವಿನ ದಂಡೆ, ಸಕ್ಕರೆ ಆರತಿ, ಎಂದರೆ ಗೌರಿಗೆ ಬೆಳಗುವ ತಟ್ಟೆಯಲ್ಲಿಡುವ ಈ ಗೊಂಬೆಗಳು, ಹೋಗಬೇಕು. ಸಾವಕ್ಕನ ಮನೆತನದಲ್ಲಿ ಅದರಲ್ಲಿ ಕುದುರೆ ಇರಲೇಬೇಕು. ಕುದುರೆಯೆಂದರೆ ವರ. ಇನ್ನೊಂದು ಮಾತು, ಮುರಿದ ಗೊಂಬೆ ಕಳಿಸುವಂತಿಲ್ಲ. ಮುರಿದರೆ ಕರಗಿಸಿ ಮತ್ತೆ ಹೊಯ್ಯಬೇಕು.

ಅಂದು ಬಾಗಿಲಲ್ಲಿ ಜೀಪು ಬಂದು ನಿಂತಿತ್ತು. ಹಿರಿಯರೆಲ್ಲ ಹತ್ತಿ ಕುಳಿತಿದ್ದರು. "ಯವ್ವಾ, ಎಷ್ಟೊತ್ತ ಬೇ!" ಎಂದು ಮಾಂತೇಶ ನಗುತ್ತಾ ಕೂಗುತ್ತಿದ್ದ. ಅವಸರದಲ್ಲಿ ಕುದುರೆಯ ಅಚ್ಚನ್ನು ಬಿಸಿ ಆರುವ ಮೊದಲೇ ಬಿಚ್ಚಿದಳು. ಮುಂಗಾಲು ಮುರಿಯಿತು. ಮತ್ತೆ ಕರಗಿಸುವಷ್ಟು ಹೊತ್ತಿರಲಿಲ್ಲ. ಬೆರಳು ತನ್ನ ಕೆಲಸ ಮಾಡಿಬಿಟ್ಟಿತು. ತಳದಲ್ಲಿದ್ದ ಬಿಸಿ ಪಾಕ ಹಚ್ಚಿ, ಕಾಲು ಕೂಡಿಸಿ, ಉಗುರಿನಿಂದ ಸವರಿ, ಡಬ್ಬಿಯ ತಳಕ್ಕಿಟ್ಟು ಕಳಿಸಿದಳು. ಯಾರಿಗೂ ತಿಳಿಯಲಿಲ್ಲ.

ಹನ್ನೊಂದನೆಯ ದಿನ ರಾತ್ರಿ ಮುಧೋಳ ರಸ್ತೆಯಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರ್ ನಿಂತಿತ್ತು. ಹಿಂದೆ ಒಂದು ಕೆಂಪು ದೀಪವೂ ಇರಲಿಲ್ಲ. ಮಾಂತೇಶನ ಬೈಕು ಅದಕ್ಕೆ ಬಡಿಯಿತು.

ಮಣ್ಣು ಮಾಡಿ ಬಂದ ಮರುದಿನ ಸಾವಕ್ಕ ಕುದುರೆಯ ಅಚ್ಚನ್ನು ಒಲೆಗೆ ಹಾಕಿದಳು. ಉಳಿದ ಹನ್ನೊಂದನ್ನು ಟ್ರಂಕಿನಲ್ಲಿಟ್ಟು ಕೀಲಿ ಹಾಕಿದಳು. ನನಗೊಬ್ಬಳಿಗೇ ಕಾಲು ಅಂಟಿಸಿದ ಸಂಗತಿ ಬಿಚ್ಚಿ ಹೇಳಿದಳು, "ನನ್ನ ಮಗನ್ನ ನಾನ ಕೊಂದೇನ್ರಿ ಅಕ್ಕೋರ."

ನನಗೆ ಸಿಟ್ಟು ಬಂತು. "ಹುಚ್ಚೀ! ಸಕ್ಕರಿ ಕುದುರಿ ಕಾಲ ಮುರದ್ರ ಮಂದಿ ಸಾಯ್ತಾರೇನ? ದೀಪ ಇಲ್ಲದ ಟ್ರ್ಯಾಕ್ಟರ್ ನಿಂದರಿಸಿದಾವನ ಕೇಳ ಹೋಗು!" ಎಂದು ಬೈದೆ. ಬಹಳ ಶಾಣ್ಯಾತನದ ಮಾತು ಆಡಿದೆನೆಂದುಕೊಂಡು ಮನೆಗೆ ಬಂದೆ. ಅತ್ತ ಊರಿನವರು ಮಧುಮತಿಯ ಕಾಲ್ಗುಣದ ಮಾತು ಆಡುತ್ತಿದ್ದರು. ನಿಶ್ಚಯವಾಗಿ ತಿಂಗಳಿಲ್ಲ, ಹುಡುಗನ್ನ ನುಂಗಿದಳು ಎಂದರು. ಊರ ಬಾಯಿಗೆ ಬಾಗಿಲೆಲ್ಲಿ? ಆ ಮಾತು ಸಾವಕ್ಕನ ಕಿವಿಗೂ ಬಿತ್ತು, ನನ್ನ ಕಿವಿಗೂ ಬಿತ್ತು. ಇಬ್ಬರೂ ಸುಮ್ಮನಿದ್ದೆವು. ಹುಡುಗಿಯನ್ನು ಮುಂದೆ ಅನಗವಾಡಿಯ ಒಕ್ಕಲುತನದ ಮನೆಗೆ ಕೊಟ್ಟರೆಂದು ಕೇಳಿ, ಸದ್ಯ, ಎಂದೆವು. ಅಷ್ಟೇ.

ಈ ವರ್ಷ ಹುಣ್ಣಿಮೆಗೆ ನಾಲ್ಕು ದಿನವಿರುವಾಗ ಆ ಮಧುಮತಿ ಮಗಳ ಕೈಹಿಡಿದು ಸಾವಕ್ಕನ ಬಾಗಿಲಿಗೆ ಬಂದಳು. ತವರಿಗೆ ಬಂದಿದ್ದಳಂತೆ. ನಾನು ಅಲ್ಲೇ ಅವರೆಕಾಯಿ ಸುಲಿಯುತ್ತಾ ಕುಳಿತಿದ್ದೆ. ಮಗಳು ಪೂರ್ಣಿಮಾಗೆ ಐದು ವರ್ಷ, ಬಾಯಿಬಡಕಿ.

"ನಮ್ಮ ಸಾಲ್ಯಾಗ ದೆವ್ವದ ಮಾರಿ ಮಾಡಿದ್ವಿ, ಕರೇ ಹಾಳ್ಯಾಗ," ಎಂದಳು ಕೂತವಳೇ. ಬೀಳಗಿಯ ಅವಳ ಇಂಗ್ಲಿಷ್ ಶಾಲೆಯಲ್ಲಿ ಹ್ಯಾಲೋವೀನ್ ಎಂಬ ಪರದೇಶದ ದೆವ್ವದ ಹಬ್ಬಕ್ಕೆಂದು ಮುಖವಾಡ ಮಾಡಿಸಿದರಂತೆ. ನಮ್ಮಲ್ಲಿ ದೆವ್ವಗಳಿಗೇನು ಬರವೇ, ಹೊರಗಿನಿಂದ ತರಿಸಲಿಕ್ಕೆ! ಈಗ ನಿಮ್ಮ ಮನೆಯ ಹಬ್ಬದಲ್ಲಿ ಕೈಯಿಂದ ಮಾಡುವಂಥದ್ದು ಏನಾದರೂ ತನ್ನಿ ಎಂದಿದ್ದಾರೆ. ಹುಡುಗಿ ಸಕ್ಕರೆ ಗೊಂಬೆಯೇ ಬೇಕು, ಆರತಿಯನ್ನೂ ಹಿಡಿಯಬೇಕು ಎಂದು ಹಟ ಹಿಡಿದಿದೆ.

ಮಧುಮತಿ ತಲೆ ತಗ್ಗಿಸಿಯೇ ಮಾತಾಡಿದಳು. "ಎಂಟ ವರ್ಷ ಆತ್ರಿ ಅವ್ವಾರ, ನಾ ಗೌರಿಗೆ ಆರತಿ ಹಿಡದಿಲ್ಲ. ಮಗಳ ಕೈಯಾಗ ಕೊಡೂ ಮೊದ್ಲ ನಿಮ್ಮ ಕಾಲ ಹಿಡೀಬೇಕಂತ ಬಂದೇನಿ. ನನ್ನಿಂದ ತಪ್ಪಾಗೇತಿ."

"ಏನ್ ತಪ್ಪವ್ವ?"

"ನೀವು ಕಳಿಸಿದ ಕುದುರೀನ ತಟ್ಟ್ಯಾಗ ಇಡಾಕ ಎತ್ತಿದೆ. ಕಾಲು ಮುರದ ಕೈಯಾಗ ಬಂತ್ರಿ. ಹೆದರಿಕಿ ಬಂದು ಅದನ್ನ ಬಾಯಾಗ ಹಾಕ್ಕೊಂಡ ನುಂಗಿಬಿಟ್ಟೆ. ಕುದುರೀನ ನವಿಲಿಗೆ ಆನಿಸಿ ನಿಂದರಿಸಿ ಆರತಿ ಎತ್ತಿದೆ. ಯಾರಿಗೂ ಹೇಳಲಿಲ್ಲ. ಹನ್ನೊಂದ ದಿನಕ್ಕ ಅವರು ಹೋದ್ರು." ಅವಳು ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು. "ಮಂದಿ ಕಾಲ್ಗುಣ ಅಂದ್ರು. ಖರೇನ ಐತಿ ಅಂದ್ಕೊಂಡೆ. ನನ್ನ ಗಂಡಗೂ ಹೇಳಿಲ್ರಿ."

ನನ್ನ ಕೈಯೊಳಗಿನ ಅವರೆಕಾಯಿ ಜಾರಿ ಬಿತ್ತು. ಅಯ್ಯ ಶಿವನೇ, ಅಂಟಿಸಿದ ಕಾಲು ಅಂಟಿಕೊಂಡು ಎಷ್ಟು ದಿನ ಇದ್ದೀತು ಎಂದು ನಮ್ಮಿಬ್ಬರಲ್ಲಿ ಒಬ್ಬರಿಗಾದರೂ ಹೊಳೆಯಬಾರದಿತ್ತೇ? ಅದು ಯಾರದೋ ಕೈಯಲ್ಲಿ ಕಳಚಲೇಬೇಕಿತ್ತಲ್ಲ!

ಸಾವಕ್ಕ "ಇರ್ಲಿ ಬಿಡವ್ವ, ಆದದ್ದಾತು" ಎಂದಿದ್ದರೆ ಮುಗಿದಿತ್ತು. ದೊಡ್ಡ ಮನಸ್ಸಿನವಳು ಎಂಬ ಹೆಸರೂ ಬರುತ್ತಿತ್ತು. ನಿಜ ತಿಳಿದವಳು ನಾನೊಬ್ಬಳೇ. ನಾಚಿಕೆ ಬಿಟ್ಟು ಹೇಳುತ್ತೇನೆ, ಅವಳು ಹಾಗೇ ಅಂದುಬಿಡಲಿ ಎಂದು ನಾನು ಬಯಸಿದೆ.

ಅವಳು ಹಾಗೆನ್ನಲಿಲ್ಲ. "ಆ ಕಾಲು ನೀ ಮುರದಿಲ್ಲ. ಮುರದಾಕಿ ನಾನು. ಪಾಕ ಹಚ್ಚಿ ಅಂಟಿಸಿ ಕಳಿಸಿದ್ದೆ," ಎಂದಳು.

ಮಧುಮತಿ ತಲೆಯೆತ್ತಿದಳು. "ನಿಮಗ ಗೊತ್ತಿತ್ತು?"

"ಗೊತ್ತಿತ್ತು."

"ಮಂದಿ ನನಗ ಅನ್ನುವಾಗ?"

"ಆಗೂ ಗೊತ್ತಿತ್ತು. ಬಾಯಿ ಬರಲಿಲ್ಲ. ನಾನು ಪಾಪಿ ಅದೇನಿ."

ಮಧುಮತಿ ಅಳುತ್ತಾಳೆ, ಇಲ್ಲವೇ ಬೈಯುತ್ತಾಳೆ ಎಂದು ನಾನು ಕಾದೆ. ಎರಡೂ ಮಾಡಲಿಲ್ಲ. ಕೊಟ್ಟ ಚಹಾ ಮುಟ್ಟದೆ, ಮಗಳನ್ನು ಸೊಂಟಕ್ಕೆ ಹಾಕಿಕೊಂಡು ಹೋಗಿಬಿಟ್ಟಳು. ಚಹಾದ ಮೇಲೆ ಕೆನೆ ಕಟ್ಟಿತು. ಆಮೇಲೆ ಅದನ್ನು ನಾನೇ ಚೆಲ್ಲಿದೆ.

ಆ ಸಂಜೆ ಸಾವಕ್ಕ ಟ್ರಂಕು ತೆಗೆದಳು. ಹನ್ನೊಂದು ಜೋಡಿ ಅಚ್ಚುಗಳನ್ನು ತೊಳೆದು ನೀರಿಗೆ ಹಾಕಿದಳು.

"ಆಕಿ ಬರಾಂಗಿಲ್ಲ ಸಾವಕ್ಕಾ," ಎಂದೆ.

"ಬರದಿದ್ರ ಬ್ಯಾಡ. ಕೂಸು ಕೇಳೇತಿ," ಎಂದಳು.

ಮರುದಿನ ಬೆಳಿಗ್ಗೆ ಪಾಕ ಹದಕ್ಕೆ ಬಂತು, ಅಚ್ಚಿಗೆ ಹೊಯ್ದಿದ್ದಾಯಿತು. ಹತ್ತು ಗಂಟೆಯಾದರೂ ಬಾಗಿಲಲ್ಲಿ ಯಾರೂ ಇಲ್ಲ. ಸಾವಕ್ಕ ಪ್ರತಿ ಹೆಜ್ಜೆಯ ಸದ್ದಿಗೂ ಕತ್ತು ಹೊರಳಿಸುತ್ತಿದ್ದಳು. ಹನ್ನೊಂದರ ಹೊತ್ತಿಗೆ ಪೂರ್ಣಿಮಾ ಓಡುತ್ತಾ ಬಂದಳು. ಹಿಂದೆ ಮಧುಮತಿ. ಕಣ್ಣು ಬಾತಿದ್ದವು. ಒಳಗೆ ಬರದೆ ಅಡುಗೆಮನೆಯ ಹೊಸ್ತಿಲಲ್ಲೇ ನಿಂತಳು.

ಸಾವಕ್ಕ ಒಂದೊಂದೇ ಅಚ್ಚು ಬಿಚ್ಚತೊಡಗಿದಳು. ನವಿಲು ಬಂತು, ಬಸವಣ್ಣ ಬಂತು. ಹುಡುಗಿ ಎಣಿಸಿ ನೋಡಿ, "ಕುದುರಿ ಎಲ್ಲೈತಿ?" ಎಂದಿತು.

"ಕುದುರಿ ಇಲ್ಲವ್ವ. ಸುಟ್ಟ ಹೋಗೇತಿ," ಎಂದಳು ಸಾವಕ್ಕ. ಮಾತು ಮರೆಸಲು ಅವಸರದಲ್ಲಿ ಆನೆಯ ಅಚ್ಚು ಬಿಚ್ಚಿದಳು, ಸೊಂಡಿಲು ಚಟ್ಟನೆ ಮುರಿದು ತಟ್ಟೆಗೆ ಬಿತ್ತು.

ನಾನು ಮಧುಮತಿಯ ಮುಖ ನೋಡಿದೆ. ರಕ್ತವೇ ಇಲ್ಲದಂತಾಗಿತ್ತು. ಸಾವಕ್ಕನ ಬೆರಳು ತಾನಾಗಿಯೇ ಪಾಕದ ಪಾತ್ರೆಯ ಕಡೆಗೆ ಹೋಯಿತು. ಅರ್ಧಕ್ಕೆ ನಿಂತಿತು. ಆ ಕೈಯನ್ನು ಅವಳು ಹಿಂದಕ್ಕೆಳೆದುಕೊಂಡದ್ದನ್ನು ನಾನು ಕಂಡೆ. ಸೊಂಡಿಲನ್ನು ಎತ್ತಿ ಹುಡುಗಿಯ ಬಾಯಿಗಿಟ್ಟಳು.

"ಮುರದೈತಿ ನೋಡವ್ವ. ನನ್ನ ಕೈಯಾಗ ಮುರದೈತಿ. ತಿನ್ನು."

ಪೂರ್ಣಿಮಾ ಕಟಕಟನೆ ಅಗಿದು, "ಇನ್ನೊಂದ ಮುರೀರಿ," ಎಂದಿತು.

ಮಧುಮತಿ ಹೊಸ್ತಿಲು ದಾಟಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಸಾವಕ್ಕನ ಪಕ್ಕದಲ್ಲಿ ಕುಳಿತಳು. ಅವಳ ಕೈಯಿಂದ ಗಿಳಿಯ ಅಚ್ಚನ್ನು ತೆಗೆದುಕೊಂಡಳು.

"ನೀವು ಸರೀರಿ ಅತ್ತಿ. ನಾ ಬಿಚ್ಚತೇನಿ."

ಸಾವಕ್ಕ ಗೋಡೆಗೊರಗಿ, ಎಂಟು ವರ್ಷದಲ್ಲಿ ನಾನು ಕೇಳದ ದನಿ ತೆಗೆದು ಅತ್ತಳು. ಆ ಅಡುಗೆಮನೆಯಲ್ಲಿ "ಅತ್ತಿ" ಎಂಬ ಈ ಮಾತು ಪ್ರತಿ ಗೌರಿ ಹುಣ್ಣಿಮೆಗೂ ಕೇಳಬೇಕಾಗಿತ್ತು. ಹೊರಗೆ ಅಂಗಳದಲ್ಲಿ "ಯವ್ವಾ, ಎಷ್ಟೊತ್ತ ಬೇ!" ಎಂದು ಕೂಗಲು ಮಾಂತೇಶನೂ ಇರಬೇಕಾಗಿತ್ತು.